ಶಿಯಾನ್ ನಗರದ ಬೀದಿಬದಿಯ ಊಟ: ಊರವರೊಂದಿಗೆ ಕುಳಿತು ಉಂಡಾಗ

ಚೀನೀ ಊಟವೆಂಬುದು ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಇಂದು ಯಾರಿಗೂ ಅಪರಿಚಿತವಾದುದಲ್ಲ. ಗೋಬಿ ಮಂಚೂರಿ, ಹಕ್ಕಾ ನೂಡಲ್ಸ್, ಶೆಜ್ವಾನ್ ಫ್ರೈಡ್ ರೈಸ್ ಇವು ಮಕ್ಕಳ ಹುಟ್ಟುಹಬ್ಬದಿಂದ ಹಿಡಿದು ಮದುವೆಯ ಆರತಕ್ಷತೆಯವರೆಗೆ ನಮ್ಮ ಊಟದ ಪಟ್ಟಿಯಲ್ಲಿ ಭದ್ರವಾಗಿ ನೆಲೆಯೂರಿವೆ. ನಮ್ಮವರೇ ನಡೆಸುವ ಉಡುಪಿ ಹೋಟೆಲುಗಳ ಫಲಕಗಳಲ್ಲಿಯೂ ದೋಸೆ, ಪಾವ್‌ಭಾಜಿಗಳ ಕೆಳಗೆ ‘ಚೈನೀಸ್’ ಎಂಬ ಮೂರನೆಯ ವಿಭಾಗ ಬಂದು ಎಷ್ಟೋ ವರ್ಷಗಳಾದವು. ಆದರೆ ಈ ತಿನಿಸುಗಳನ್ನು ಅರಸಿಕೊಂಡು ಚೀನಾಕ್ಕೆ ಹೋದವರಿಗೆ ನಿರಾಶೆ ಕಟ್ಟಿಟ್ಟ ಬುತ್ತಿ. ಇವು ಕಲ್ಕತ್ತೆಯಲ್ಲಿ ಬಂದು ನೆಲೆಸಿದ ಹಕ್ಕಾ ಮತ್ತು ಕ್ಯಾಂಟನ್ ಮೂಲದ ಕುಟುಂಬಗಳು ಭಾರತೀಯ ನಾಲಗೆಗೆ ಹೊಂದುವಂತೆ ರೂಪಿಸಿದ ಅಡುಗೆ. ಮಂಚೂರಿಯನ್ ಎಂಬುದಂತೂ 1970ರ ದಶಕದಲ್ಲಿ ನೆಲ್ಸನ್ ವಾಂಗ್ ಎಂಬ ಪಾಕಪ್ರವೀಣರ ಕೈಯಲ್ಲಿ ನಮ್ಮ ಮುಂಬಯಿಯಲ್ಲಿಯೇ ಹುಟ್ಟಿತೆಂಬುದು ಪ್ರಚಲಿತವಾದ ಮಾತು. 2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದಾಗ ಚೀನೀಯರು ಅದನ್ನು ಗಮನಿಸಿರುವ ಸಾಧ್ಯತೆ ಕಡಿಮೆ!

ಹಾಗಾದರೆ ಚೀನೀಯರು ತಮ್ಮ ಬೀದಿಗಳಲ್ಲಿ ಉಣ್ಣುವುದು ಏನನ್ನು? ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ದಕ್ಷಿಣ ಕರ್ನಾಟಕದ ರಾಗಿಮುದ್ದೆಯನ್ನೂ ಉತ್ತರ ಕರ್ನಾಟಕದ ಜೋಳದ ರೊಟ್ಟಿಯನ್ನೂ ಕರಾವಳಿಯ ನೀರುದೋಸೆಯನ್ನೂ ‘ಕರ್ನಾಟಕದ ಊಟ’ ಎಂಬ ಒಂದೇ ಹೆಸರಿನಲ್ಲಿ ಕಟ್ಟಿಹಾಕಲು ಹೇಗೆ ಆಗದೋ ಹಾಗೆಯೇ ಅಷ್ಟು ದೊಡ್ಡ ದೇಶದ ಊಟವನ್ನು ಒಂದು ಹೆಸರಿನಿಂದ ಕರೆಯಲಾಗದು. ಚೀನೀಯರು ತಾವೇ ಎಂಟು ಮಹಾ ಪಾಕ ಸಂಪ್ರದಾಯಗಳನ್ನು ಹೆಸರಿಸುತ್ತಾರೆ. ಶಾಂಡೋಂಗ್, ಸಿಚುವಾನ್, ಕ್ಯಾಂಟನ್, ಜಿಯಾಂಗ್ಸು, ಝೆಜಿಯಾಂಗ್, ಫುಜಿಯಾನ್, ಹುನಾನ್, ಅನ್ಹುಯಿ. ನಾನು ಇಲ್ಲಿ ಬರೆಯಹೊರಟಿರುವ ಶಿಯಾನ್ ನಗರವಾಗಲೀ ಅದು ರಾಜಧಾನಿಯಾಗಿರುವ ಶಾನ್‌ಶಿ ಪ್ರಾಂತವಾಗಲೀ ಈ ಎಂಟರಲ್ಲಿ ಇಲ್ಲವೆಂಬುದು ಗಮನಾರ್ಹ. ಅಲ್ಲಿಯ ಕೀರ್ತಿ ಔತಣದ ಅಡುಗೆಯದಲ್ಲ, ಬೀದಿಯ ತಿನಿಸಿನದು.

ಶಿಯಾನ್ ಎಂದರೆ ಪ್ರಾಚೀನ ಚಾಂಗ್‌ಆನ್; ಹಾನ್, ಸುಯಿ, ಟಾಂಗ್ ಮೊದಲಾದ ರಾಜವಂಶಗಳ ರಾಜಧಾನಿ; ಮಧ್ಯ ಏಷ್ಯಾಕ್ಕೆ ಸಾಗುತ್ತಿದ್ದ ರೇಷ್ಮೆ ಹಾದಿಯ ಪೂರ್ವದ ತುದಿ. ಹದಿನಾಲ್ಕನೆಯ ಶತಮಾನದಲ್ಲಿ ಮಿಂಗ್ ಅರಸರು ಕಟ್ಟಿಸಿದ, ಸುಮಾರು 14 ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ ಇಂದಿಗೂ ಊರಿನ ನಡುಭಾಗವನ್ನು ಸುತ್ತುವರಿದು ನಿಂತಿದೆ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಮಣ್ಣಿನ ಸೈನಿಕರು ದೊರೆತ ಮೇಲೆ ಜಗತ್ತಿನ ಪ್ರವಾಸಿಗಳೆಲ್ಲ ಇತ್ತ ಬರತೊಡಗಿದರು. ಊರಿನ ದಕ್ಷಿಣಕ್ಕೆ ಚಿನ್‌ಲಿಂಗ್ ಪರ್ವತಶ್ರೇಣಿ. ಚೀನಾದ ಅಕ್ಕಿಯ ನಾಡನ್ನೂ ಗೋಧಿಯ ನಾಡನ್ನೂ ಬೇರ್ಪಡಿಸುವ ಗಡಿ ಇದೇ. ಅದರ ಉತ್ತರದ ಮಗ್ಗುಲಲ್ಲಿರುವ ಶಿಯಾನ್ ಗೋಧಿಯ ಊರು. ಅಲ್ಲಿ ಊಟವೆಂದರೆ ಹಿಟ್ಟು: ಹಿಟ್ಟನ್ನು ಎಳೆದದ್ದು, ಸುಟ್ಟದ್ದು, ತೊಳೆದದ್ದು, ಹರಿದು ಹಾಕಿದ್ದು.

2019ರ ನವೆಂಬರ್ ಕೊನೆಯಲ್ಲಿ ನಾನೂ ನನ್ನ ಪತ್ನಿಯೂ ಈ ನಗರದಲ್ಲಿ ಐದು ದಿನ ಇದ್ದೆವು. ಸಿಂಗಾಪುರದಲ್ಲಿ ನಮ್ಮ ಮಗನ ಸಹೋದ್ಯೋಗಿಯಾಗಿರುವ ತರುಣನೊಬ್ಬ ಶಿಯಾನ್‌ನವನು. ಅವನ ತಂದೆ ತಾಯಿ ಇಬ್ಬರೂ ನಿವೃತ್ತ ಶಾಲಾ ಶಿಕ್ಷಕರು. ಕಾಲೇಜಿನಲ್ಲಿ ಓದುತ್ತಿದ್ದ ಅವರ ಮಗಳು ದುಭಾಷಿಯಾಗಿ ಜೊತೆಗಿದ್ದಳು. ನಾನು ಕುರಿ, ಕೋಳಿ ತಿನ್ನುವವನು. ಪತ್ನಿ ಶುದ್ಧ ಸಸ್ಯಾಹಾರಿ. ಇವೆರಡೂ ಸಂಗತಿಗಳನ್ನು ಮೊದಲ ದಿನವೇ ವಿಚಾರಿಸಿ ತಿಳಿದುಕೊಂಡ ಆ ಅಧ್ಯಾಪಕ ದಂಪತಿಗಳು ಐದು ದಿನಗಳ ಪಾಠಪಟ್ಟಿಯನ್ನೇ ಸಿದ್ಧಪಡಿಸಿದ್ದರು. ಪಾಠಪಟ್ಟಿ ಎಂಬ ಮಾತನ್ನು ನಾನು ವಿನೋದಕ್ಕಾಗಿ ಬಳಸುತ್ತಿಲ್ಲ. ಶಿಯಾನ್‌ನ ತಿನಿಸುಗಳಲ್ಲಿ ಅನೇಕವನ್ನು ಹೇಗೆ ತಿನ್ನಬೇಕೆಂಬುದನ್ನು ಬಲ್ಲವರು ಪಕ್ಕದಲ್ಲಿ ಕುಳಿತು ತಿಳಿಸಿದ ಹೊರತು ಅವುಗಳ ಸ್ವಾರಸ್ಯ ಸಿಗುವುದಿಲ್ಲ.

ಇದಕ್ಕೆ ಅತ್ಯುತ್ತಮ ನಿದರ್ಶನವೆಂದರೆ ‘ಯಾಂಗ್‌ರೌ ಪಾವೋಮೋ’. ಕುರಿಮಾಂಸದ ಸಾರಿನಲ್ಲಿ ನೆನೆಸಿದ ರೊಟ್ಟಿ ಎಂದು ಇದನ್ನು ಸ್ಥೂಲವಾಗಿ ಕನ್ನಡಿಸಬಹುದು. ಅಂಗಡಿಯಲ್ಲಿ ಕುಳಿತ ಕೂಡಲೇ ಎದುರಿಗೆ ಬರುವುದು ಒಂದು ಖಾಲಿ ಬೋಗುಣಿ ಮತ್ತು ಅಂಗೈಯಗಲದ ಎರಡು ಗಟ್ಟಿ ರೊಟ್ಟಿ. ಗಿರಾಕಿಯೇ ಕೈತೊಳೆದುಕೊಂಡು ಬಂದು ಆ ರೊಟ್ಟಿಗಳನ್ನು ಬೆರಳಿನಿಂದ ಚಿವುಟಿ, ಸೋಯಾ ಕಾಳಿನಷ್ಟು ಸಣ್ಣ ಚೂರುಗಳನ್ನಾಗಿ ಮಾಡಿ ಬೋಗುಣಿಗೆ ತುಂಬಬೇಕು. ಇದು ಐದು ನಿಮಿಷದ ಕೆಲಸವಲ್ಲ. ಅರ್ಧ ಗಂಟೆಯಾದರೂ ಬೇಕು. ರೊಟ್ಟಿಯ ಹಿಟ್ಟಿನಲ್ಲಿ ಹೆಚ್ಚಿನ ಪಾಲು ಹುಳಿ ಬರಿಸದ್ದೇ ಆಗಿರುವುದರಿಂದ ಅದು ಸುಲಭವಾಗಿ ಮುರಿಯುವುದಿಲ್ಲ. ಬೆರಳ ತುದಿ ನೋಯುತ್ತದೆ. ಆದರೆ ಆ ಗಟ್ಟಿತನವೇ ಅದರ ಗುಣ. ಮೃದುವಾದ ರೊಟ್ಟಿಯಾದರೆ ಕುದಿಯುವ ಸಾರಿನಲ್ಲಿ ಕರಗಿ ಅಂಬಲಿಯಾಗುತ್ತಿತ್ತು.

ಚಿವುಟಿದ ರೊಟ್ಟಿಯ ಬೋಗುಣಿಯೊಂದಿಗೆ ಸಂಖ್ಯೆ ಬರೆದ ಚೀಟಿಯೊಂದು ಅಡುಗೆಮನೆಗೆ ಹೋಗುತ್ತದೆ. ನೂರು ಬೋಗುಣಿಗಳ ನಡುವೆಯೂ ನೀವು ಚಿವುಟಿದ ರೊಟ್ಟಿ ನಿಮಗೇ ಮರಳಬೇಕು. ಪ್ರತಿಯೊಂದು ಬೋಗುಣಿಯನ್ನೂ ಬೇರೆಬೇರೆಯಾಗಿ, ಎಲುಬನ್ನು ರಾತ್ರಿಯಿಡೀ ಕಾಯಿಸಿ ತೆಗೆದ ಸಾರಿನಲ್ಲಿ, ಮಾಂಸದ ತುಣುಕು, ಪಾರದರ್ಶಕವಾದ ಶ್ಯಾವಿಗೆ, ಕರಿಯ ಅಣಬೆ, ಈರುಳ್ಳಿ ಸೊಪ್ಪು ಸೇರಿಸಿ ದೊಡ್ಡ ಉರಿಯಲ್ಲಿ ಒಂದೆರಡು ನಿಮಿಷ ಬೇಯಿಸುತ್ತಾರೆ. ಸಾರು ಎಷ್ಟಿರಬೇಕೆಂಬುದಕ್ಕೂ ಹೆಸರುಗಳಿವೆ. ಸಾರೆಲ್ಲ ರೊಟ್ಟಿಯೊಳಗೆ ಇಂಗಿ ಬೋಗುಣಿ ಒಣಗಿದಂತೆ ಕಾಣುವುದು ಒಂದು ಬಗೆ. ಉಂಡು ಮುಗಿಸುವಾಗ ಒಂದೇ ಗುಟುಕು ಸಾರು ಉಳಿಯುವಂಥದು ಇನ್ನೊಂದು. ನಡುವೆ ರೊಟ್ಟಿಯ ಗುಡ್ಡೆಯಿದ್ದು ಸುತ್ತಲೂ ಸಾರು ಆವರಿಸಿರುವುದಕ್ಕೆ ‘ಕೋಟೆಯನ್ನು ಸುತ್ತಿದ ನೀರು’ ಎಂಬರ್ಥದ ಹೆಸರು. ಕೋಟೆಯೂ ಕಂದಕವೂ ಇರುವ ಊರಿನವರಿಗೆ ಬೇರೆ ಉಪಮೆ ಏಕೆ ಬೇಕು! ಅಡುಗೆಯವನು ರೊಟ್ಟಿಯ ಚೂರುಗಳನ್ನು ನೋಡಿಯೇ ಗಿರಾಕಿಯ ಯೋಗ್ಯತೆಯನ್ನು ಅಳೆಯುತ್ತಾನೆಂದೂ, ದೊಡ್ಡದೊಡ್ಡ ಚೂರುಗಳನ್ನು ಕಂಡರೆ ತಾನೂ ಅವಸರದಲ್ಲಿ ಬೇಯಿಸಿ ಕಳುಹಿಸುತ್ತಾನೆಂದೂ ನಮ್ಮ ಆತಿಥೇಯರು ಎಚ್ಚರಿಸಿದರು. ಈಗ ಯಂತ್ರದಲ್ಲಿ ಕತ್ತರಿಸಿದ ರೊಟ್ಟಿಯೂ ಸಿಗುತ್ತದೆ. ಅದನ್ನು ಕೇಳಿ ಪಡೆಯುವವರನ್ನು ಊರಿನ ಹಿರಿಯರು ನೋಡುವ ನೋಟ, ನಮ್ಮಲ್ಲಿ ಇಡ್ಲಿಯನ್ನು ಚಾಕುವಿನಿಂದ ಕೊಯ್ಯುವವರನ್ನು ನಾವು ನೋಡುವ ನೋಟದಂತೆಯೇ ಇರುತ್ತದೆ.

ಬೋಗುಣಿ ಮರಳಿ ಬಂದ ಮೇಲೆ ಅದನ್ನು ಕಲಕಬಾರದು. ಅಂಚಿನಿಂದ ಆರಂಭಿಸಿ, ಒಂದೇ ಕಡೆಯಿಂದ ಸ್ವಲ್ಪಸ್ವಲ್ಪವಾಗಿ ತಿನ್ನುತ್ತ ಒಳಗೆ ಸಾಗಬೇಕು. ಹಾಗೆ ಮಾಡಿದರೆ ಬಿಸಿ ಆರುವುದಿಲ್ಲ, ರೊಟ್ಟಿಯೂ ಅಂಟಂಟಾಗುವುದಿಲ್ಲ. ಜೊತೆಗೆ ಸಿಹಿಹುಳಿಯಲ್ಲಿ ನೆನೆಸಿದ ಇಡೀ ಬೆಳ್ಳುಳ್ಳಿ, ಮೆಣಸಿನ ಚಟ್ನಿ, ಕೊತ್ತಂಬರಿ ಸೊಪ್ಪು. ಈ ಊಟದಲ್ಲಿ ನನಗೆ ಹೆಚ್ಚು ಹಿಡಿಸಿದ್ದು, ನಿಜ ಹೇಳಬೇಕೆಂದರೆ, ಉಣ್ಣುವುದಕ್ಕೆ ಮೊದಲಿನ ಅರ್ಧ ಗಂಟೆ. ಕೈ ಕೆಲಸದಲ್ಲಿರುತ್ತದೆ, ಬಾಯಿ ಬಿಡುವಾಗಿರುತ್ತದೆ. ಆದ್ದರಿಂದ ಮಾತು ತಾನಾಗಿ ಹೊರಡುತ್ತದೆ. ಪಕ್ಕದ ಮೇಜಿನಲ್ಲಿ ಮುದುಕರು ನಾಲ್ವರು ರೊಟ್ಟಿ ಚಿವುಟುತ್ತ ಯಾವುದೋ ವಿಷಯದಲ್ಲಿ ವಾದದಲ್ಲಿ ತೊಡಗಿದ್ದರು. ಅಂಗಳದಲ್ಲಿ ಕುಳಿತು ಹಲಸಿನ ತೊಳೆ ಬಿಡಿಸುತ್ತ, ಅವರೆಕಾಳು ಸುಲಿಯುತ್ತ ಕಳೆದ ಸಂಜೆಗಳನ್ನು ಬಲ್ಲ ನಮಗೆ ಇದು ಹೊಸತಲ್ಲ. ಹೋಟೆಲಿನಲ್ಲಿ ಅದು ನಡೆಯುವುದು ಮಾತ್ರ ಹೊಸತು.

ಪಾವೋಮೋ ಶಿಯಾನ್‌ನ ಹುಯಿ ಜನಾಂಗದವರ ಕೈಯಲ್ಲಿ ಬೆಳೆದ ಅಡುಗೆ. ಹುಯಿಗಳು ಚೀನೀ ಭಾಷೆಯನ್ನೇ ಆಡುವ ಮುಸಲ್ಮಾನರು. ಟಾಂಗ್ ಕಾಲದಲ್ಲಿ ಚಾಂಗ್‌ಆನ್‌ನ ಪಶ್ಚಿಮ ಮಾರುಕಟ್ಟೆಗೆ ಪಾರಸಿಕ, ಅರಬ, ಸೋಗ್ದಿಯ ವರ್ತಕರು ಬರುತ್ತಿದ್ದರು; ಹಾಗೆ ಬಂದು ನಿಂತವರಲ್ಲಿ ಹುಯಿಗಳು ತಮ್ಮ ಮೂಲವನ್ನು ಗುರುತಿಸುತ್ತಾರೆ. ನಗಾರಿ ಗೋಪುರದ ಹಿಂದಿನ ಓಣಿಗಳಲ್ಲಿ ಅವರ ಮನೆ, ಮಸೀದಿ, ಅಂಗಡಿಗಳೆಲ್ಲ ಒತ್ತಾಗಿ ಕೂಡಿಕೊಂಡಿವೆ. ಅಲ್ಲಿಯ ದೊಡ್ಡ ಮಸೀದಿ ಕ್ರಿ.ಶ. 742ರಲ್ಲಿ ಸ್ಥಾಪಿತವಾಯಿತೆಂದು ಪರಂಪರೆಯ ನಂಬಿಕೆ. ಇಂದಿನ ಕಟ್ಟಡಗಳು ಬಹುಮಟ್ಟಿಗೆ ಮಿಂಗ್ ಕಾಲದವು. ಹೆಂಚಿನ ಮಾಡು, ಮರದ ಕಂಬ, ಅಂಗಳದ ನಂತರ ಅಂಗಳ. ಹೊರನೋಟಕ್ಕೆ ಅದು ಚೀನೀ ದೇವಾಲಯದಂತೆಯೇ ಕಾಣುತ್ತದೆ.

ಪರಸ್ಥಳದಿಂದ ಬಂದು ನೆಲೆಸಿದವರ ಅಡುಗೆಯೇ ಇಂದು ಆ ಊರಿನ ಗುರುತಾಗಿದೆ. ಹುಯಿಗಳಲ್ಲದ ನಮ್ಮ ಆತಿಥೇಯರೂ ಪಾವೋಮೋವನ್ನು ‘ನಮ್ಮ ಊಟ’ ಎಂದೇ ಹೇಳುತ್ತಿದ್ದರು. 1898ರಲ್ಲಿ ಆರಂಭವಾದ ‘ಲಾವೋ ಸುನ್ ಜ್ಯಾ’, 1920ರ ‘ಟೋಂಗ್ ಶೆಂಗ್ ಶಿಯಾಂಗ್’ ಇವು ಅದರ ಹಳೆಯ ಮನೆಗಳು. ಎರಡನೆಯದರ ಪಾಕವಿಧಾನವನ್ನು ಚೀನಾ ಸರಕಾರ 2008ರಲ್ಲಿ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ಗುಜರಾತಿ, ಮರಾಠಿ ಕುಟುಂಬಗಳು ಭಾನುವಾರ ಬೆಳಿಗ್ಗೆ ಸಾಲುಗಟ್ಟಿ ನಿಂತು ಇಡ್ಲಿ, ರಸಂವಡೆಗಳನ್ನು ತಮ್ಮದೆಂಬಂತೆ ಉಣ್ಣುವುದನ್ನು ಕಾಣುವ ನಮಗೆ ಇದರ ಅರ್ಥ ಬೇಗ ಆಗುತ್ತದೆ. ಹುಯಿ ಅಂಗಡಿಗಳ ಹಸಿರು ಫಲಕಗಳ ಮೇಲೆ ‘ಚಿಂಗ್‌ಝೆನ್’ ಎಂಬ ಎರಡಕ್ಷರ ಕಾಣಿಸುತ್ತದೆ. ಅಲ್ಲಿ ಹಂದಿಮಾಂಸವೂ ಮದ್ಯವೂ ಇಲ್ಲ. ಹೊರಗೆ ಕೊಂಡ ಅಂಥ ಪದಾರ್ಥಗಳನ್ನು ಒಳಗೆ ಒಯ್ಯುವುದೂ ಅಸಭ್ಯ. ಬಿಸಿ ರೊಟ್ಟಿಯನ್ನು ಸೀಳಿ ಒಳಗೆ ಕೊಚ್ಚಿದ ಮಾಂಸ ತುಂಬುವ ‘ರೌಜಿಯಾಮೋ’ ಎಂಬ ತಿನಿಸನ್ನು ಹಾನ್ ಚೀನೀಯರು ಹಂದಿಮಾಂಸದಿಂದ ಮಾಡಿದರೆ ಹುಯಿಗಳು ದನದ ಅಥವಾ ಕುರಿಯ ಮಾಂಸದಿಂದ ಮಾಡುತ್ತಾರೆ. ರೊಟ್ಟಿ ಎರಡೂ ಕಡೆ ರೊಟ್ಟಿಯೇ.

ಈ ಓಣಿಗಳ ಗಾಳಿಯಲ್ಲಿ ನಮಗೆ ಪರಿಚಿತವಾದ ಪರಿಮಳವೊಂದಿದೆ. ಕೆಂಡದ ಮೇಲೆ ಸುಡುವ ಮಾಂಸಕ್ಕೆ ಉದುರಿಸುವ ಆ ಪದಾರ್ಥದ ಹೆಸರು ಚೀನೀ ಭಾಷೆಯಲ್ಲಿ ‘ಝಿರಾನ್’. ಉಯ್ಗುರ್ ಭಾಷೆಯ ಮೂಲಕ ಅಲ್ಲಿಗೆ ಹೋದ ಈ ಶಬ್ದ ಪಾರಸಿಯ ‘ಝೀರಾ’, ಸಂಸ್ಕೃತದ ‘ಜೀರಕ’ಗಳ ಬಳಗದ್ದು. ಅಂದರೆ ನಮ್ಮ ಜೀರಿಗೆಯೇ.

ಕರಿಮೆಣಸಿನ ಕಥೆ ಇದಕ್ಕಿಂತ ರೋಚಕವಾದುದು. ಬೆಳಗಿನ ಹೊತ್ತು ಹುಯಿ ಅಂಗಡಿಗಳಲ್ಲಿ ‘ಹುಲಾಟಾಂಗ್’ ಎಂಬ ದಪ್ಪನೆಯ ಸಾರು ಸಿಗುತ್ತದೆ. ದನದ ಮಾಂಸದ ಸಣ್ಣ ಉಂಡೆಗಳು, ಆಲೂಗಡ್ಡೆ, ಎಲೆಕೋಸು, ಗಜ್ಜರಿ ಹಾಕಿದ ಅದರ ಖಾರವೆಲ್ಲ ಮೆಣಸುಕಾಳಿನದು. ನಾನು ಅದನ್ನು ತಿನ್ನಲಿಲ್ಲ, ಪರಿಮಳವನ್ನಷ್ಟೇ ಸವಿದೆ. ಚೀನೀ ಭಾಷೆಯಲ್ಲಿ ಮೆಣಸಿಗೆ ‘ಹುಜಿಯಾವೋ’ ಎನ್ನುತ್ತಾರೆ. ‘ಹು’ ಎಂದರೆ ಪಶ್ಚಿಮದ ಪರದೇಶಿ. ಕ್ರಿ.ಶ. 777ರಲ್ಲಿ ಇದೇ ಚಾಂಗ್‌ಆನ್‌ನಲ್ಲಿ ಯುವಾನ್ ಝಾಯ್ ಎಂಬ ಪ್ರಧಾನಿಯ ಮೇಲೆ ಭ್ರಷ್ಟಾಚಾರದ ಆರೋಪ ಬಂದು, ಮರಣದಂಡನೆಯಾಗಿ, ಮನೆಯನ್ನು ಜಪ್ತಿ ಮಾಡಿದಾಗ ಉಗ್ರಾಣದಲ್ಲಿ 800 ‘ಶಿ’ ಅಳತೆಯ, ಎಂದರೆ ಹತ್ತಾರು ಟನ್ನುಗಳಷ್ಟು ಕರಿಮೆಣಸು ದೊರಕಿತೆಂದು ಟಾಂಗ್ ವಂಶದ ಇತಿಹಾಸ ದಾಖಲಿಸಿದೆ. ಲಂಚದ ಹಣವನ್ನು ಚಿನ್ನದಲ್ಲಿ, ಭೂಮಿಯಲ್ಲಿ ಅಡಗಿಸುವುದನ್ನು ಬ್ಯಾಂಕಿನ ಕೆಲಸದಲ್ಲಿರುವ ನಾನು ಓದಿದ್ದೇನೆ, ಕೇಳಿದ್ದೇನೆ. ಮೆಣಸಿನಲ್ಲಿ ಅಡಗಿಸಿದ್ದನ್ನು ತಿಳಿದದ್ದು ಇದೇ ಮೊದಲು. ಮೆಣಸಿನ ಬಳ್ಳಿಯ ತವರು ನಮ್ಮ ಪಶ್ಚಿಮಘಟ್ಟ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆಯುವುದಕ್ಕೆ ಎಂಟು ಶತಮಾನಗಳ ಹಿಂದೆಯೇ ಆ ಕಾಳಿಗೆ ಚೀನಾದ ರಾಜಧಾನಿಯಲ್ಲಿ ಅಂಥ ಬೆಲೆಯಿತ್ತು.

ಸಸ್ಯಾಹಾರಿಗಳಿಗೆ ಇಲ್ಲಿ ಏನಿದೆಯೆಂದು ಓದುಗರು ಕೇಳುವುದು ಸಹಜ. ಇದೆ, ಅದೂ ಊರಿನ ಅತ್ಯಂತ ಜನಪ್ರಿಯ ತಿನಿಸುಗಳಲ್ಲೊಂದು. ‘ಲಿಯಾಂಗ್‌ಪಿ’ ಎಂದರೆ ‘ತಣ್ಣನೆಯ ಚರ್ಮ’. ಹೆಸರು ಕೇಳಿ ಗಾಬರಿಯಾಗಬೇಕಾದ್ದಿಲ್ಲ, ಅದು ಗೋಧಿಯ ಹಾಲಿನಿಂದ ಮಾಡಿದ ಹಾಳೆ. ಕಣಕವನ್ನು ಕಲಸಿ, ಸ್ವಲ್ಪ ಹೊತ್ತು ಬಿಟ್ಟು, ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆಯುತ್ತಾರೆ. ನೀರು ಹಾಲಿನಂತಾಗುತ್ತದೆ, ಕೈಯಲ್ಲಿ ರಬ್ಬರಿನಂಥ ಜಿಗುಟು ಉಳಿಯುತ್ತದೆ. ಆ ಹಾಲನ್ನು ಗಂಟೆಗಟ್ಟಲೆ ನಿಲ್ಲಿಸಿದರೆ ಪಿಷ್ಟ ತಳದಲ್ಲಿ ಕೂರುತ್ತದೆ. ಮೇಲಿನ ತಿಳಿನೀರನ್ನು ಬಸಿದು, ಉಳಿದ ಗಟ್ಟಿ ಹಾಲನ್ನು ಎಣ್ಣೆ ಸವರಿದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಹಬೆಯಲ್ಲಿ ಎರಡು ಮೂರು ನಿಮಿಷ ಬೇಯಿಸಿದರೆ ಅರೆಪಾರದರ್ಶಕವಾದ ಹಾಳೆ ಸಿದ್ಧ. ಆರಿದ ಮೇಲೆ ಅದನ್ನು ದೊಡ್ಡ ಕತ್ತಿಯಿಂದ ಪಟ್ಟಿಪಟ್ಟಿಯಾಗಿ ಕತ್ತರಿಸುತ್ತಾರೆ. ಕೈಯಲ್ಲಿ ಉಳಿದ ಜಿಗುಟನ್ನೂ ಎಸೆಯುವುದಿಲ್ಲ. ಅದನ್ನು ಬೇರೆಯಾಗಿ ಬೇಯಿಸಿ, ಸ್ಪಂಜಿನಂತಾದ ಅದರ ತುಂಡುಗಳನ್ನು ಪಟ್ಟಿಗಳ ಮೇಲೆ ಹಾಕುತ್ತಾರೆ. ರಸವನ್ನು ಹೀರಿ ಹಿಡಿದಿಡುವುದು ಅದೇ. ನಮ್ಮ ಮನೆಗಳಲ್ಲಿ ಗೋಧಿಯನ್ನು ನೆನೆಸಿ ರುಬ್ಬಿ ಹಾಲು ತೆಗೆದು ಹಾಲುಬಾಯಿ ಮಾಡುವವರಿಗೆ ಈ ವಿಧಾನದ ಅರ್ಧಭಾಗ ಈಗಾಗಲೇ ಗೊತ್ತು. ನಾವು ಬೆಲ್ಲ, ತುಪ್ಪಗಳ ಕಡೆ ತಿರುಗಿದೆವು. ಅವರು ಹುಳಿ, ಖಾರಗಳ ಕಡೆ ತಿರುಗಿದರು.

ಪಟ್ಟಿಗಳ ಮೇಲೆ ಸೌತೆಯ ಎಳೆ, ಮೊಳಕೆಕಾಳು, ಬೆಳ್ಳುಳ್ಳಿಯ ನೀರು, ಕಪ್ಪು ಧಾನ್ಯದಿಂದ ಮಾಡಿದಂತೆ ತೋರುವ ಗಾಢವಾದ ವಿನೆಗರ್, ಕೊನೆಗೆ ಕೆಂಪನೆಯ ಮೆಣಸಿನೆಣ್ಣೆ. ಹುಯಿಗಳ ಪದ್ಧತಿಯಲ್ಲಿ ಇದಕ್ಕೆ ಎಳ್ಳಿನ ಗೊಜ್ಜನ್ನೂ ಬೆರೆಸುತ್ತಾರೆ. ನನ್ನ ಪತ್ನಿ ಐದು ದಿನಗಳಲ್ಲಿ ಇದನ್ನು ಏಳು ಬಾರಿ ತಿಂದಳು. ಎಳ್ಳಿನದೇ ಉತ್ತಮವೆಂಬುದು ಅವಳ ತೀರ್ಪು.

ಆ ಮೆಣಸಿನೆಣ್ಣೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅಮೆರಿಕದಿಂದ ಹೊರಟ ಮೆಣಸಿನಕಾಯಿ ಹದಿನಾರನೆಯ ಶತಮಾನದಲ್ಲಿ ನಮ್ಮಲ್ಲಿಗೂ ಚೀನಾಕ್ಕೂ ತಲಪಿತು. ಶಾನ್‌ಶಿ ಪ್ರಾಂತದಲ್ಲಿ ಬೆಳೆಯುವ ಬಗೆ ತೆಳ್ಳಗೆ, ಉದ್ದವಾಗಿ, ಒಣಗಿದ ಮೇಲೆ ಸುಕ್ಕುಸುಕ್ಕಾಗಿ, ಕಡುಕೆಂಪಾಗಿರುತ್ತದೆ. ಖಾರಕ್ಕಿಂತ ಬಣ್ಣ ಮತ್ತು ಪರಿಮಳಗಳೇ ಅದರಲ್ಲಿ ಹೆಚ್ಚು. ಕನ್ನಡಿಗರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ, ಇದು ಬ್ಯಾಡಗಿಯ ದೂರದ ನೆಂಟ. ಅದರ ತರಿಯನ್ನು ಬಟ್ಟಲಿನಲ್ಲಿಟ್ಟು, ಹೊಗೆಯಾಡುವಷ್ಟು ಕಾಯಿಸಿದ ಎಣ್ಣೆಯನ್ನು ಸ್ವಲ್ಪ ಆರಿಸಿ ಸುರಿಯುತ್ತಾರೆ. ನಾವು ಒಗ್ಗರಣೆಯಲ್ಲಿ ಮಸಾಲೆಯನ್ನು ಎಣ್ಣೆಗೆ ಹಾಕುತ್ತೇವೆ. ಅವರು ಎಣ್ಣೆಯನ್ನು ಮಸಾಲೆಗೆ ಹಾಕುತ್ತಾರೆ. ‘ಚೊಂಯ್’ ಎಂಬ ಸದ್ದು ಮಾತ್ರ ಒಂದೇ. ಮೆಣಸಿನಕಾಯಿಯೇ ಒಂದು ಪಲ್ಯವೆಂಬುದು ಶಾನ್‌ಶಿಯ ಜನರ ಬಗ್ಗೆ ಚೀನಾದ ಇತರರು ಆಡುವ ಪರಿಹಾಸದ ಮಾತುಗಳಲ್ಲೊಂದು. ಅವರ ನೂಡಲ್ಸ್ ಸೊಂಟಪಟ್ಟಿಯಷ್ಟು ಅಗಲ, ಅವರ ರೊಟ್ಟಿ ಮಡಕೆಯ ಮುಚ್ಚಳದಷ್ಟು ದೊಡ್ಡದು ಎಂಬುವು ಅದೇ ಮಾಲೆಯ ಇನ್ನೆರಡು.

ಸೊಂಟಪಟ್ಟಿಯಂಥ ಆ ನೂಡಲ್ಸ್‌ನ ಹೆಸರು ‘ಬಿಯಾಂಗ್‌ಬಿಯಾಂಗ್’. ಹಿಟ್ಟನ್ನು ಎಳೆಯುವಾಗ ಮಣೆಗೆ ಬಡಿದು ಏಳುವ ಸದ್ದೇ ಹೆಸರಾಯಿತೆಂದು ಹೇಳುತ್ತಾರೆ. ಈ ಶಬ್ದವನ್ನು ಬರೆಯುವ ಅಕ್ಷರ ಐವತ್ತಕ್ಕೂ ಹೆಚ್ಚು ಗೆರೆಗಳದು. ಸಾಮಾನ್ಯ ನಿಘಂಟುಗಳಲ್ಲಿ ಅದು ಇಲ್ಲ. ಗಣಕಯಂತ್ರದ ಯೂನಿಕೋಡ್ ವ್ಯವಸ್ಥೆಗೆ ಅದು ಸೇರಿದ್ದು 2020ರಲ್ಲಿ. ನಾವು ಹೋದಾಗ ಅಂಗಡಿಯ ಫಲಕದಲ್ಲಿ ಅದನ್ನು ಚಿತ್ರದಂತೆ ಬರೆಸಿದ್ದರು. ನಿವೃತ್ತ ಅಧ್ಯಾಪಕರು ಕೈಒರಸುವ ಕಾಗದವೊಂದರ ಮೇಲೆ, ಬಾಲ್ಯದಲ್ಲಿ ಕಲಿತ ಪ್ರಾಸವೊಂದನ್ನು ಗುನುಗುತ್ತ, ಒಂದೊಂದೇ ಗೆರೆಯನ್ನು ಎಳೆದು ಅದನ್ನು ಪೂರ್ಣಗೊಳಿಸಿದರು. ಮಗಳಿಗೆ ಅದು ಬರೆಯಲು ಬರುವುದಿಲ್ಲವೆಂದು ಅವಳೇ ನಕ್ಕಳು, ತಂದೆ ನಗಲಿಲ್ಲ. ಮನೆಯಲ್ಲಿ ಕನ್ನಡ ಆಡುವ, ಆದರೆ ಓದಲು ಬಾರದ ಮಕ್ಕಳಿರುವ ನಮ್ಮಲ್ಲಿ ಅನೇಕರು ಆ ಮುಖವನ್ನು ಗುರುತಿಸಬಲ್ಲರು.

ನೂಡಲ್ಸ್ ಜೊತೆ ಹಸಿಯ ಬೆಳ್ಳುಳ್ಳಿಯ ಎಸಳನ್ನು ಕಚ್ಚಿಕೊಳ್ಳುವುದು ಅಲ್ಲಿಯ ರೂಢಿ. ಉಂಡಾದ ಮೇಲೆ ಅದನ್ನು ಬೇಯಿಸಿದ ನೀರನ್ನೇ ಬಟ್ಟಲಿನಲ್ಲಿ ತಂದಿಡುತ್ತಾರೆ. ಉಂಡದ್ದು ಕರಗುವುದಕ್ಕೆ ಅದು ಬೆಂದ ನೀರೇ ಮದ್ದೆಂಬ ನಂಬಿಕೆ. ಗಂಜಿತಿಳಿ ಕುಡಿದು ಬೆಳೆದ ಕರಾವಳಿಯವರಿಗೆ ಅದನ್ನು ಕುಡಿಯಲು ಒತ್ತಾಯ ಮಾಡಬೇಕಾಗಲಿಲ್ಲ.

ಇನ್ನು ‘ಝೆಂಗ್‌ಗಾವೋ’. ಅಂಟಕ್ಕಿ, ಕೆಂಪು ಖರ್ಜೂರದಂಥ ಚೀನೀ ಬೋರೆಹಣ್ಣು, ರಾಜ್ಮಾ ಬಗೆಯ ಕಾಳು ಇವುಗಳನ್ನು ಪದರಪದರವಾಗಿ ದೊಡ್ಡ ಪಾತ್ರೆಯಲ್ಲಿ ಹರಡಿ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸುತ್ತಾರೆ. ಬೆಳಿಗ್ಗೆ ಗಾಡಿಯ ಮೇಲೆ ತಂದು, ಸಟ್ಟುಗದಿಂದ ಕೆತ್ತಿ ಕೊಡುವ ಈ ಸಿಹಿ ಇಟ್ಟಿಗೆಯ ಬಣ್ಣದ್ದು, ಬಾಯಲ್ಲಿಟ್ಟರೆ ಕರಗುವಂಥದು. ‘ಝೆಂಗ್’ ಎಂಬುದು ತಳದಲ್ಲಿ ರಂಧ್ರಗಳಿರುವ ಹಬೆಪಾತ್ರೆಯ ಪ್ರಾಚೀನ ಹೆಸರು. ಇಲ್ಲಿಯೇ ಕನ್ನಡಿಗರಿಗೆ ಸಂಬಂಧಿಸಿದ ಸಂಗತಿಯೊಂದಿದೆ. ನಮ್ಮ ಶಾಲಾ ಪುಸ್ತಕಗಳಲ್ಲಿ ಬರುವ, ಇಮ್ಮಡಿ ಪುಲಿಕೇಶಿಯ ರಾಜ್ಯವನ್ನು ಕಂಡು ವರ್ಣಿಸಿದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಹೊರಟದ್ದು ಈ ಚಾಂಗ್‌ಆನ್‌ನಿಂದಲೇ. 645ರಲ್ಲಿ ಮರಳಿದ್ದೂ ಇಲ್ಲಿಗೇ. ಅವನು ತಂದ ಗ್ರಂಥಗಳಿಗಾಗಿ 652ರಲ್ಲಿ ಕಟ್ಟಿಸಿದ ಗೋಪುರ ಊರಿನ ದಕ್ಷಿಣ ಭಾಗದಲ್ಲಿ ಇಂದಿಗೂ ನಿಂತಿದೆ. ಭಾರತೀಯರ ಅಡುಗೆಯ ಪಾತ್ರೆಗಳನ್ನು ವಿವರಿಸುವಾಗ ಅವನು, ಈ ಜನರಿಗೆ ಹಂಡೆ ಬಾಣಲೆಗಳು ಗೊತ್ತು, ಆದರೆ ‘ಝೆಂಗ್’ ಗೊತ್ತಿಲ್ಲ ಎಂಬರ್ಥದ ಮಾತನ್ನು ಬರೆದಿಟ್ಟಿದ್ದಾನೆ. ಪಾಪ, ಅವನಿಗೆ ತನ್ನೂರಿನ ಝೆಂಗ್‌ಗಾವೋ ನೆನಪಾಗಿರಬೇಕೆಂದು ನಾನು ಊಹಿಸಿಕೊಂಡೆ! ಅವನು ಬಂದುಹೋದ ಮೇಲೆ ಸುಮಾರು ಮೂರು ಶತಮಾನ ಕಳೆದು, ಕನ್ನಡದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರು ಕಾಣಿಸುತ್ತದೆ. ಆ ಇಡ್ಡಲಿಗೆ ಹಬೆಯಲ್ಲಿ ಬೆಂದದ್ದೇ, ಬೇರೆ ಬಗೆಯದೇ ಎಂಬ ವಿದ್ವಾಂಸರ ಚರ್ಚೆಗೆ ನಾನು ಇಲ್ಲಿ ಕೈಹಾಕುವುದಿಲ್ಲ. ಇಂದಂತೂ ಹಬೆಪಾತ್ರೆಯಿಲ್ಲದ ಕನ್ನಡದ ಅಡುಗೆಮನೆಯಿಲ್ಲ.

ಪ್ರವಾಸಿಗಳನ್ನು ಎಲ್ಲ ಮಾರ್ಗದರ್ಶಕರೂ ಕರೆದೊಯ್ಯುವುದು ನಗಾರಿ ಗೋಪುರದ ಹಿಂದಿನ ಬೇಯುವಾನ್‌ಮೆನ್ ಬೀದಿಗೆ. ದೀಪಾಲಂಕಾರ, ನೂಕುನುಗ್ಗಲು, ಕೂಗಾಟ. ನಮ್ಮ ಆತಿಥೇಯರು ಆ ಬೀದಿಯನ್ನು ಹತ್ತು ನಿಮಿಷಗಳಲ್ಲಿ ದಾಟಿಸಿಬಿಟ್ಟರು. ಸಮುದ್ರದಿಂದ ಅಷ್ಟು ದೂರದ ಊರಿನಲ್ಲಿ ಕಡ್ಡಿಗೆ ಚುಚ್ಚಿದ ಬೊಂಡಾಸ್ ಮೀನನ್ನು ಸುಡುತ್ತಿದ್ದುದನ್ನು ತೋರಿಸಿ, ಇದು ಯಾರ ಊಟ ಎಂದು ಕೇಳಿದರು. ಊರವರು ಉಣ್ಣುವುದು ಪಶ್ಚಿಮಕ್ಕಿರುವ ದಾಪಿಯುವಾನ್, ಸಾಜಿನ್‌ಚಿಯಾವೋ ಓಣಿಗಳಲ್ಲಿ. ಅಲ್ಲಿ ಅಂಗಡಿಗೆ ಒಂದೇ ತಿನಿಸು. ಮಧ್ಯಾಹ್ನದ ಹೊತ್ತಿಗೆ ತೀರಿದರೆ ಬಾಗಿಲು ಮುಚ್ಚಿದಂತೆ. ದೊಡ್ಡ ಬೀದಿಯ ಬಾಡಿಗೆ ತೆರಲು ಎಲ್ಲವನ್ನೂ ಎಲ್ಲರಿಗೂ ಮಾರಬೇಕಾಗುತ್ತದೆ, ಒಂದನ್ನೇ ಚೆನ್ನಾಗಿ ಮಾಡುವವನಿಗೆ ಅದು ಪೂರೈಸುವುದಿಲ್ಲ ಎಂದು ಅವರು ವಿವರಿಸಿದರು. ಇದು ಬ್ಯಾಂಕಿನವನಿಗೆ ಕೂಡಲೇ ಅರ್ಥವಾಗುವ ಲೆಕ್ಕ. ಮುಂಬಯಿಯಲ್ಲಿ ಎಷ್ಟೋ ಉಡುಪಿ ಹೋಟೆಲುಗಳ ಕಾಫಿ ತಿಂಡಿಯ ಪಟ್ಟಿ ಉದ್ದವಾಗುತ್ತ ಹೋದದ್ದರ ಹಿಂದೆಯೂ, ಕೆಲವು ಮುಚ್ಚಿಹೋದದ್ದರ ಹಿಂದೆಯೂ ಇರುವುದು ಇದೇ ಲೆಕ್ಕ.

ಹೋಗಬಯಸುವವರಿಗೆ ಕೆಲವು ವಿಚಾರಗಳು. 2020ರಿಂದ ನಿಂತುಹೋಗಿದ್ದ ಭಾರತ-ಚೀನಾ ನೇರ ವಿಮಾನಯಾನ 2025ರ ಅಕ್ಟೋಬರಿನಲ್ಲಿ ಮತ್ತೆ ಆರಂಭವಾಯಿತು. ನಾವು ಹೋಗಿದ್ದ ಕಾಲದಲ್ಲಿಯೇ ಬೀದಿಯ ತಳ್ಳುಗಾಡಿಯವರೂ ಮೊಬೈಲಿನ ಚೌಕ ಸಂಕೇತವನ್ನು ತೂಗುಹಾಕಿದ್ದರು. ಚೀನೀ ಬ್ಯಾಂಕ್ ಖಾತೆಯಿಲ್ಲದ ನಮಗೆ ಅದು ನಿರುಪಯೋಗಿಯಾಗಿತ್ತು, ನೂರು ಯುವಾನ್ ನೋಟಿಗೆ ಚಿಲ್ಲರೆ ಕೊಡುವುದು ಅವರಿಗೂ ಕಷ್ಟವಾಗಿತ್ತು. 2023ರಿಂದ ಅಲಿಪೇ, ವೀಚಾಟ್‌ಗಳಿಗೆ ವಿದೇಶದ ವೀಸಾ, ಮಾಸ್ಟರ್‌ಕಾರ್ಡ್‌ಗಳನ್ನು ಜೋಡಿಸುವ ಅವಕಾಶ ವಿಸ್ತಾರಗೊಂಡಿದೆ. ಹೊರಡುವ ಮೊದಲೇ ಮನೆಯಲ್ಲಿ ಕುಳಿತು ಜೋಡಿಸಿಕೊಳ್ಳುವುದು ಒಳ್ಳೆಯದು.

ಸಸ್ಯಾಹಾರಿಗಳು ‘ವೋ ಚ್ರ್ ಸು’ ಎಂಬ ಮೂರು ಪದಗಳನ್ನು ಕಲಿತಿರಬೇಕು. ನಾನು ಸಸ್ಯಾಹಾರಿ ಎಂದರ್ಥ. ಆದರೆ ಅಷ್ಟೇ ಸಾಲದು. ಮಾಂಸದ ತುಂಡಿಲ್ಲದಿದ್ದರೆ ಅದು ಸಸ್ಯಾಹಾರವೆಂದು ತಿಳಿಯುವವರು ಅಲ್ಲಿ ಬಹಳ. ಸಾರು ಎಲುಬಿನದಾಗಿರಬಹುದು, 기름 ಎಂಬಂತೆ ಕಾಣುವ ಕೊಬ್ಬು ಪ್ರಾಣಿಯದಾಗಿರಬಹುದು. ಎಲುಬಿನ ಸಾರು ಬೇಡ, ಪ್ರಾಣಿಯ ಕೊಬ್ಬು ಬೇಡ, ಮೊಟ್ಟೆ ಬೇಡ ಎಂಬುದನ್ನು ಚೀನೀ ಲಿಪಿಯಲ್ಲಿ ಬರೆಸಿದ ಚೀಟಿಯೊಂದು ಜೊತೆಗಿದ್ದರೆ ನಿಶ್ಚಿಂತೆ. ನನ್ನ ಪತ್ನಿಯ ಚೀಟಿಯನ್ನು ಅಧ್ಯಾಪಕರ ಮಡದಿ ದುಂಡನೆಯ ಅಕ್ಷರಗಳಲ್ಲಿ ಬರೆದುಕೊಟ್ಟಿದ್ದರು. ಅಂಗಡಿಯವರು ಅದನ್ನು ಓದಿ, ತಲೆಯಾಡಿಸಿ, ಒಮ್ಮೊಮ್ಮೆ ಬಾಣಲೆಯನ್ನೇ ಬದಲಿಸುತ್ತಿದ್ದರು.

ನವೆಂಬರ್ ಪರ್ಸಿಮನ್ ಹಣ್ಣಿನ ಕಾಲ. ಮಣ್ಣಿನ ಸೈನಿಕರಿರುವ ಲಿಂಟೋಂಗ್ ಪ್ರದೇಶದ ಸಣ್ಣ ಕೆಂಪು ಹಣ್ಣುಗಳ ತಿರುಳನ್ನು ಹಿಟ್ಟಿಗೆ ಕಲಸಿ, ಒಳಗೆ ಅಕ್ರೋಟು ಅಥವಾ ಗುಲಾಬಿಯ ಹೂರಣವಿಟ್ಟು ಎಣ್ಣೆಯಲ್ಲಿ ಬೇಯಿಸಿದ ‘ಶಿಜಿಬಿಂಗ್’ ನಮ್ಮ ಸುಕ್ಕಿನುಂಡೆಯನ್ನು ನೆನಪಿಸುತ್ತದೆ. ಬಿಸಿಯಿರುವಾಗಲೇ ತಿನ್ನಬೇಕು, ಆದರೆ ಹೂರಣ ನಾಲಗೆಯನ್ನು ಸುಡುತ್ತದೆ. ಊರಿಗೆ ತರಲು ತಕ್ಕದ್ದು ಫುಪಿಂಗ್ ಎಂಬಲ್ಲಿಯ ಒಣಗಿಸಿದ ಹಣ್ಣು. ಸಿಪ್ಪೆ ತೆಗೆದು, ಗಾಳಿಗೆ ತೂಗುಹಾಕಿ, ಒಣಗಿದ ಮೇಲೆ ಮುಚ್ಚಿಟ್ಟರೆ ಒಳಗಿನ ಸಕ್ಕರೆ ತಾನಾಗಿ ಹೊರಬಂದು ಬಿಳಿಯ ಪುಡಿಯಂತೆ ಮೈತುಂಬ ಕೂರುತ್ತದೆ. ನಾವು ತಂದ ಪೊಟ್ಟಣವನ್ನು ಕಂಡ ನೆರೆಮನೆಯವರು ಬೂಷ್ಟು ಬಂದಿದೆಯೆಂದು ಮೊದಲು ಹಿಂಜರಿದರು. ಒಬ್ಬರು ತಿಂದು ನೋಡಿದ ಮೇಲೆ ಪೊಟ್ಟಣ ಆ ಸಂಜೆಯೇ ಖಾಲಿಯಾಯಿತು.